ಮೂರನೇ ಬೇಸಿನ ಕಲ್ಲು

ನಮ್ಮ ಮನೆಯವರ ಬ್ಯಾಟಿಂಗ್ ಲೆಕ್ಕ ನನ್ನ ಕೈಗೆ ಬಂದದ್ದಕ್ಕೆ ಕಾರಣ ಮಾಂಸದುಂಡೆ. ಯುಟ್ರೆಕ್ಟ್‌ನಲ್ಲಿ ಆಫೀಸಿನ ಡಚ್ ಗೆಳೆಯರ ಜೊತೆ ಸೇರಿ ಇವರು ಬೇಸ್‌ಬಾಲ್ ಹಿಡಿದರು. ಇಲ್ಲಿನ ಕ್ಲಬ್ಬುಗಳಲ್ಲಿ ಬಂದು ಆಡಿ ಹೋದರೆ ಸಾಲದು, ಮನೆಯವರು ಏನಾದರೊಂದು ಕೆಲಸಕ್ಕೆ ಕೈ ಹಾಕಬೇಕು. ನನ್ನ ಪಾಲಿಗೆ ಬಂದದ್ದು ಕ್ಯಾಂಟೀನಿನಲ್ಲಿ ಮಾಂಸದುಂಡೆ ಕರಿಯುವ ಪಾಳಿ. ಹಬ್ಬದ ದಿನ ಈರುಳ್ಳಿಯನ್ನೂ ಮುಟ್ಟದ ಮನೆಯಿಂದ ಬಂದವಳು ನಾನು. ಬೇರೇನಿದೆ ಅಂದೆ. ಸ್ಕೋರರ್ ಆಗ್ತೀಯಾ ಅಂದರು. ಕೂತು ಮಾಡುವ ಕೆಲಸ, ಒಪ್ಪಿಕೊಂಡೆ. ಕೆಲವು ಶನಿವಾರ ಕಲಿಸಿ, ಕೈಗೊಂದು ಟ್ಯಾಬ್ ಕೊಟ್ಟು, ಮೈದಾನದ ಪಕ್ಕ ಕೂರಿಸಿಯೇ ಬಿಟ್ಟರು.

ಕ್ರಿಕೆಟ್ಟಿನಲ್ಲಿ ಫೀಲ್ಡರ್ ಚೆಂಡು ಬಿಟ್ಟರೂ ರನ್ನು ಬ್ಯಾಟ್ಸ್‌ಮನ್ನಿಗೇ. ಇಲ್ಲಿ ಹಾಗಲ್ಲ. ಸುಲಭದ ಚೆಂಡನ್ನು ಫೀಲ್ಡರ್ ಕೈಬಿಟ್ಟದ್ದರಿಂದ ನೀವು ಓಡಿ ಮೂಲೆಯ ಬೇಸ್ ಮುಟ್ಟಿದರೆ ಅದು ನಿಮ್ಮ ಲೆಕ್ಕಕ್ಕೆ ಸೇರುವ ಹಿಟ್ ಅಲ್ಲ, ಅವನ ತಪ್ಪು. ನಿಮ್ಮ ಸರಾಸರಿ ಇಳಿಯುತ್ತದೆ. ಹಿಟ್ಟೋ ತಪ್ಪೋ ಎಂದು ತೀರ್ಮಾನಿಸುವವರು ಸ್ಕೋರರ್. ಅಂದರೆ ನಾನು.

ಆ ವರ್ಷ ಕ್ಲಬ್ಬಿನಲ್ಲಿ ಇವರ ತಂಡಕ್ಕಿಂತ ಒಂದು ಮೆಟ್ಟಿಲು ಮೇಲಿದ್ದ ಎರಡನೇ ತಂಡದಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ಲೀಗಿನ ಸರಾಸರಿಗಿಂತ ಮೇಲಿದ್ದರೆ ಜಾಗ ನಿನಗೇ ಅಂತ ಕೋಚ್ ಇವರಿಗೆ ಹೇಳಿದ. ಅಲ್ಲಿಂದ ಶುರುವಾಯಿತು ನೋಡಿ. ಅದೇ ಜಾಗಕ್ಕೆ ಕಣ್ಣಿಟ್ಟಿದ್ದ ಇನ್ನೊಬ್ಬ ಆಟಗಾರನ ಹೆಂಡತಿ, ಕೈಯಲ್ಲಿ ಕಾಫಿ ಹಿಡಿದು ನನ್ನ ಬೆನ್ನ ಹಿಂದೆಯೇ ನಿಲ್ಲತೊಡಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುಂಬಳಕಾಯಿ ಕದಿಯದೆಯೇ ಹೆಗಲು ಒರೆಸಿಕೊಳ್ಳುತ್ತಿದ್ದೆ.

ಇವರಿಗೋ ಬೇರೆಯದೇ ಅನುಮಾನ. ಒಂದು ದಿನ ಎದುರುಗಾಳಿಗೆ ಸೈಕಲ್ ತುಳಿಯುತ್ತಾ ಕೇಳಿದರು.

"ಅಲ್ಲ ಕಣೇ, ಬೇರೆ ಊರಲ್ಲಿ ಆಡಿದಾಗೆಲ್ಲ ನಾನು ಲೀಗಿಗಿಂತ ಮೇಲೆ. ನೀನು ಬರೆಯೋ ಮ್ಯಾಚಲ್ಲಿ ಮಾತ್ರ ಕೆಳಗೆ. ಯಾಕೆ?"

"ಇಲ್ಲಿ ನಿಮಗೆ ಚೆಂಡು ಕಾಣಲ್ವೇನೋ."

"ನಾಲ್ಕು ಜನ ಏನಂತಾರೋ ಅಂತ ಹೆದರಿ ನನ್ನ ಹಿಟ್ ನುಂಗ್ತಿದ್ದೀಯಾ."

"ರೀ, ಪಾಪ ಕಟ್ಟಿಕೊಳ್ಳೋ ಹಾಗಿದ್ರೆ ಮಾಂಸದುಂಡೇನೇ ಕರೀತಿದ್ದೆ!"

ಬಾಯಲ್ಲಿ ಹಾಗಂದೆ. ತಲೆಯಲ್ಲಿ ಹುಳ ಹೊಕ್ಕಿತ್ತು. ಪಕ್ಷಪಾತಿ ಅನ್ನಿಸಿಕೊಳ್ಳಬಾರದು ಅಂತ ಕಟ್ಟಿಕೊಂಡವರದನ್ನೇ ಕಿತ್ತುಕೊಂಡೆನೇ? ಆಮೇಲಿನ ಪಂದ್ಯಗಳಲ್ಲಿ ಇವರು ಬ್ಯಾಟ್ ಎತ್ತಿದರೆ ನನ್ನ ಕಣ್ಣನ್ನು ನಾನೇ ನಂಬದ ಹಾಗಾಯಿತು.

ಕಡೆಯ ಪಂದ್ಯ ನಮ್ಮ ಮೈದಾನದಲ್ಲೇ. ಇವರು ಲೀಗಿಗಿಂತ ಕೂದಲೆಳೆಯಷ್ಟು ಕೆಳಗೆ. ಒಂದು ಹಿಟ್ ಬಿದ್ದರೆ ಮೇಲೆ. ಕೊನೆಯ ಸರದಿಯಲ್ಲಿ ಇವರು ಹೊಡೆದದ್ದು ನೆಲ ಹಿಡಿದು ಮೂರನೇ ಬೇಸ್ ಕಾಯುವವನ ಕಡೆ ಉರುಳಿತು. ಅವನು ಬಗ್ಗಿ ಗ್ಲೌಸ್ ಒಡ್ಡಿದ. ಚೆಂಡು ಕಲ್ಲಿಗೆ ತಾಗಿದಂತೆ ಪಟ್ಟನೆ ಚಿಮ್ಮಿ ಅವನ ಹೆಗಲ ಮೇಲಿಂದ ಹಾರಿತು. ಇವರು ಬೇಸ್ ಮುಟ್ಟಿದರು. ಓಡಿದವರನ್ನು ಯಾರೂ ನೋಡಲಿಲ್ಲ, ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ಹೊಡೆದವನು ಪರರ ಗಂಡನಾಗಿದ್ದರೆ ಏನು ಬರೆಯುತ್ತಿದ್ದೆ? ಹಿಟ್. ಚೆಂಡು ನೆಲಕ್ಕೆ ಬಿದ್ದು ದಿಕ್ಕು ತಪ್ಪಿದರೆ ಫೀಲ್ಡರನನ್ನು ದೂರುವಂತಿಲ್ಲ ಎಂದೇ ಕಲಿಸಿದ್ದರು. ಕಲ್ಲಿಗೆ ತಾಗಿತು ಅನ್ನುತ್ತಾ ಹಿಟ್ ಒತ್ತಿದೆ.

"ಕಲ್ಲಾ? ನನಗೇನೂ ಕಾಣಲಿಲ್ಲಪ್ಪ," ಅಂದಳು ಬೆನ್ನ ಹಿಂದಿನವಳು ತನ್ನ ಡಚ್ಚಿನಲ್ಲಿ.

ಜಾಗ ಇವರಿಗೇ ಸಿಕ್ಕಿತು. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಇವರು ಮನೆ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, "ನಿಜ ಹೇಳು, ಅದು ಹಿಟ್ಟಾ?" ಅಂದರು.

"ಹಿಟ್ಟೇ. ಕಲ್ಲಿತ್ತು."

"ಆ ನೆಲಾನ ಪ್ರತಿ ಪಂದ್ಯಕ್ಕೂ ಮುಂಚೆ ಬಾಚ್ತಾರೆ. ಕಲ್ಲು ಎಲ್ಲಿಂದ ಬರುತ್ತೆ?"

ಮುಂದಿನ ಶನಿವಾರ ನೋಡುತ್ತೇನೆ, ಮೂರನೇ ಬೇಸಿನ ಹತ್ತಿರ ಇವರೊಬ್ಬರೇ, ಉಂಗುರ ಕಳೆದುಕೊಂಡವರ ಹಾಗೆ, ಬಗ್ಗಿ ಬಗ್ಗಿ ಹುಡುಕುತ್ತಿದ್ದಾರೆ.

ಆ ವರ್ಷಕ್ಕೇ ಟ್ಯಾಬ್ ವಾಪಸು ಕೊಟ್ಟೆ. ಕ್ಯಾಂಟೀನಿನವರೂ ದೊಡ್ಡ ಮನಸ್ಸು ಮಾಡಿ ಆಲೂಗಡ್ಡೆಗೆಂದು ಬೇರೆ ಎಣ್ಣೆಯ ಬಾಣಲೆ ಇಟ್ಟು ನನ್ನನ್ನು ಅದರ ಮುಂದೆ ನಿಲ್ಲಿಸಿದ್ದಾರೆ. ಎರಡನೇ ತಂಡದ ಮೊದಲ ಪಂದ್ಯ ಮುಗಿಸಿ ಇವರು ಬೆವರೊರೆಸಿಕೊಳ್ಳುತ್ತಾ ಕ್ಯಾಂಟೀನಿನ ಕಿಟಕಿಗೆ ಬಂದರು.

"ಎರಡು ಹಿಟ್. ಎರಡೂ ಬೇರೆಯವನು ಬರೆದದ್ದು!"

"ಅವನು ನಿಮಗೆ ಎಷ್ಟು ದಿನದ ಗೆಳೆಯ?" ಅಂದೆ, ಆಲೂಗಡ್ಡೆಗೆ ಉಪ್ಪು ಉದುರಿಸುತ್ತಾ.