ಹರೂರಿಗೆ ಹೋದ ಕಾಗದ

ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಬರೆದು ನಾವು ಬೆಳೆದ ಕಾಲ ಅದು. ಸೇಲಂ ಕಡೆಯ ನಂಗವಳ್ಳಿಯ ನಮ್ಮ ಬೀದಿಗೆ ಫೋನು ಬಂದಿರಲಿಲ್ಲ. ಏಳನೇ ತರಗತಿಯ ನಾನು ಕುಂಟೆಬಿಲ್ಲೆಯಾಟ ಬಿಟ್ಟು ಬಂದು ಅಕ್ಕಪಕ್ಕದವರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಪರೀಕ್ಷೆಯಲ್ಲಿ ಬೀದಿದೀಪ ಕೇಳಿ ಬರೆದ ಅರ್ಜಿಗೆ ಪೂರ್ತಿ ಅಂಕ ಸಿಕ್ಕಿದ್ದರಿಂದ ನನ್ನ ಜಂಬಕ್ಕೆ ಮಿತಿಯಿರಲಿಲ್ಲ.

ಆ ವರ್ಷ ಕುರಿಯುಣ್ಣೆ ಕತ್ತರಿಸುವ ದಿನಗಳಲ್ಲಿ ಅಜ್ಜಿ ಹಟ್ಟಿಯಲ್ಲಿ ಜಾರಿ ಕಾಲು ಮುರಿದುಕೊಂಡಳು. ಅಪ್ಪ ಮಂದೆಯ ಜೊತೆ ದೂರ ಹೋಗಿದ್ದ. ಅದೇ ವಾರ ಹರೂರಿನಲ್ಲಿದ್ದ ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ, ಗಂಡನನ್ನು ಕಳೆದುಕೊಂಡಳೆಂದು ಸುದ್ದಿ ಬಂತು. ಉಣ್ಣೆಯ ವಾಸನೆ ತುಂಬಿದ ಜಗಲಿಯಲ್ಲಿ ಮಲಗಿದ್ದಲ್ಲಿಂದಲೇ ಅಜ್ಜಿ ನನ್ನನ್ನು ಕರೆದಳು.

“ಬರಿ ಮಗಾ. ಅಳಬ್ಯಾಡ ಅಂತ ನಾನು ಏಳಾಕಿಲ್ಲ, ತಾಯಿ. ಒಟ್ಟೆ ತುಂಬ ಅಳು. ಕಾಲು ನೆಟ್ಟಗಿದ್ದಿದ್ರೆ ಓಡಿ ಬರ್ತಿದ್ದೆ. ಚಿಕ್ಕೋರಾಗಿದ್ದಾಗ ಇಬ್ರೂ ಒಂದೇ ಕಂಬ್ಳಿ ಒದ್ಕೊಂಡು ಮಲಗ್ತಿರ್ಲಿಲ್ವಾ? ಈಗ್ಲೂ ಅಂಗೇ ಮಲಗಾನ. ಬಂದು ನನ್ ತಾವೇ ಇದ್ಬುಡು.”

ಇದನ್ನೆಲ್ಲ ಯಾರಾದರೂ ಬರೆಯುತ್ತಾರೆಯೇ ಅನ್ನಿಸಿತು. ನನಗೆ ಗೊತ್ತಿದ್ದದ್ದು ಒಂದೇ ನಮೂನೆ. ಅನುಪ್ಪುನರ್, ಪೆರುನರ್ ಎಂದು ಕಳಿಸುವವರ, ಪಡೆಯುವವರ ವಿಳಾಸ ಬರೆದು, ‘ವಿಷಯ: ಅನುತಾಪ’ ಎಂದು ಗೆರೆ ಎಳೆದೆ. ಮರಣದ ಸುದ್ದಿ ತಲುಪಿತು, ಆಳವಾದ ಅನುತಾಪಗಳು, ಕಾಲಿನ ಪೆಟ್ಟಿನಿಂದ ನೇರವಾಗಿ ಬರಲಾಗದು, ದಯವಿಟ್ಟು ಗಮನಿಸಬೇಕು. ತಮಿಳಿನಲ್ಲಿ ಇಷ್ಟೇ ಬರೆದು ಮುಗಿಸಿದೆ.

“ಎಲ್ಲಾ ಬರ್ದ್ಯಾ? ಓದು, ಕೇಳಾನ.”

ನಾನು ಕಾಗದವನ್ನೇ ನೋಡುತ್ತ, ಅಜ್ಜಿಯ ಮಾತನ್ನು ಬಾಯಿಪಾಠದಂತೆ ಒಪ್ಪಿಸಿದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಚೆಂದಾಗ್ ಬರ್ದಿದ್ದೀಯ ಕಣ್ ಮಗಾ” ಅಂದಳು.

ಚಿಕ್ಕಜ್ಜಿ ಬರಲಿಲ್ಲ. ಉತ್ತರವೂ ಬರಲಿಲ್ಲ. ಐದಾರು ತಿಂಗಳ ಮೇಲೆ ಅಜ್ಜಿ ಕೋಲೂರಿ ನಡೆಯುವಂತಾದಾಗ, ಸೇಲಂನಲ್ಲಿ ಬಸ್ಸು ಬದಲಿಸಿ ನಾವಿಬ್ಬರೂ ಹರೂರಿಗೆ ಹೋದೆವು. ಚಿಕ್ಕಜ್ಜಿ ನೀರು ಕೊಟ್ಟಳು, ಪಕ್ಕದಲ್ಲಿ ಕೂರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಾಗದ ತಂದಳು.

“ಪಕ್ಕದ್ಮನೆ ಇಸ್ಕೂಲ್ ವಾತಿಯಾರ್ರು ಎಲ್ಲಾರ್ ಮುಂದೆ ಓದಿದ್ರು ಅಕ್ಕ. ತಾಸಿಲ್ದಾರ್ರಿಗೆ ಬರ್ದಂಗೆ ಐತೆ ಅಂದ್ರು. ‘ಬಾ’ ಅಂತ ಒಂದ್ ಮಾತು ಇರ್ಲಿಲ್ಲ.”

ಓದಲು ಬಾರದ ಅಜ್ಜಿ ಕಾಗದವನ್ನು ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

“ನಾನೇ ಅಂಗೆ ಬರ್ಸಿದ್ದು. ಕಾಲು ನೋವಾಗೆ ನನ್ ಬುದ್ಧಿ ನೆಟ್ಟಗಿರ್ಲಿಲ್ಲ. ಕೂಸಿಂದೇನೂ ಇಲ್ಲ” ಅಂದಳು ಅಜ್ಜಿ.

ವಾಪಸು ಬರುವಾಗ ಬಸ್ಸಿನಲ್ಲಿ ಬೇಯಿಸಿದ ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಲೇ ಇದ್ದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅಕ್ಕತಂಗಿಯರ ಮಧ್ಯೆ ಹೋಗಿಬರುವುದು ಅಲ್ಲಿಗೆ ನಿಂತಿತು. ಮೂರು ವರ್ಷಕ್ಕೆ ಅಜ್ಜಿ ತೀರಿಹೋದಳು.

ನನಗೆ ಮದುವೆಯಾಗಿ ಮಗಳು ಹುಟ್ಟಿದ ಮೇಲೆ, ತಾರಮಂಗಲದ ಒಂದು ಮದುವೆಯೂಟದಲ್ಲಿ ಚಿಕ್ಕಜ್ಜಿ ಸಿಕ್ಕಳು. ಕಣ್ಣು ಮಂಜಾಗಿತ್ತು. ನನ್ನ ಕೈ ಸವರಿ ಗುರುತು ಹಿಡಿದು, “ನಮ್ಮಕ್ಕ ಕಲ್ಲೆದೆಯೋಳಲ್ಲ. ಅವತ್ ಯಾಕೆ ಅಂಗ್ ಬರ್ಸಿದ್ಲೋ, ಇವತ್ಗೂ ತಿಳಿಯಾಕಿಲ್ಲ” ಅಂದಳು.

ಹೇಳಬಹುದಿತ್ತು. ಆಗ ನಾನು ಮಕ್ಕಳಿಗೆ ಪಾಠ ಹೇಳುವವಳು. ಯಾರಿಗೆ ಏನನ್ನು ಹೇಗೆ ಬರೆಯಬೇಕೆಂದು ದಿನವೂ ಬೋರ್ಡಿನ ಮೇಲೆ ತೋರಿಸುವವಳು. “ಪಾಯಸ ಹಾಕಿಸ್ಲಾ ಚಿಕ್ಕಜ್ಜಿ?” ಎಂದು ಕೇಳಿ ಎದ್ದುಹೋದೆ.

ಆ ವರ್ಷವೇ ಚಿಕ್ಕಜ್ಜಿಯೂ ತೀರಿಕೊಂಡಳು. ಅಜ್ಜಿಯ ಮಾತುಗಳು ನನಗೆ ಇಂದಿಗೂ ಒಂದಕ್ಷರ ಬಿಡದೆ ನೆನಪಿವೆ. ಅವನ್ನು ಕೇಳಬೇಕಾಗಿದ್ದವಳು ಅಕ್ಕ ತನ್ನನ್ನು ಯಾಕೆ ಕರೆಯಲಿಲ್ಲವೆಂದು ತಿಳಿಯದೆಯೇ ಹೋದಳು.