ಫುಟ್‌ಬಾಲ್ ಅಕ್ಕೋರು

ನಮ್ಮ ಡ್ರಿಲ್ ಅಕ್ಕೋರ ಮೀನಖಂಡಗಳು ಹೊಸದಾಗಿ ಹೊಸೆದ ಹಗ್ಗದಂತೆ ಬಿಗಿಯಾಗಿದ್ದವು. ನರೋಣಾದ ನಮ್ಮ ಹೈಸ್ಕೂಲಿಗೆ ಬಂದ ಮೊದಲ ವಾರವೇ ಅವರು ಸೀರೆಯ ನಿರಿಗೆಯನ್ನು ಕಚ್ಚೆಯ ಹಾಗೆ ಹಿಂದಕ್ಕೆ ಸಿಕ್ಕಿಸಿ, ಬಯಲಿನ ನಡುವೆ ಚೆಂಡಿಟ್ಟು ಒದ್ದರು. ಅದು ಬೇವಿನ ಗಿಡ ದಾಟಿ ತೊಗರಿ ಹೊಲದಲ್ಲಿ ಬಿತ್ತು. ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಎದ್ದೇ ನಿಂತರು. ಕಳೆ ತೆಗೆಯುವ ಹೆಂಗಸರು ಸೀರೆ ಎತ್ತಿ ಕಟ್ಟುವುದು ನಮ್ಮಲ್ಲಿ ಹೊಸದಲ್ಲ. ಆದರೆ ಸಾಲಿಯ ಅಕ್ಕೋರು ಹಾಗೆ ಕಟ್ಟಿದ್ದು, ಅದೂ ಚೆಂಡು ಒದೆಯುವುದಕ್ಕೆ, ಊರಿಗೆ ಸಿಡಿಲು ಬಡಿದಂತಾಗಿತ್ತು.

ಆ ಬಯಲು ಕ್ರಿಕೆಟ್ಟಿನವರದು. ಮಟಕಿ, ಆಳಂದದ ಕಡೆಯಿಂದೆಲ್ಲ ಹುಡುಗರು ಟೆನಿಸ್ ಬಾಲಿನ ಟೂರ್ನಮೆಂಟಿಗೆ ಅಲ್ಲಿಗೇ ಬರುತ್ತಿದ್ದರು. ಫುಟ್‌ಬಾಲ್ ಎಂದರೆ ನಮಗೆ ಟಿವಿಯಲ್ಲಿ ಯಾವುದೋ ದೇಶದವರು ಆಡುವ ಆಟ. ಅಕ್ಕೋರು ಒಪ್ಪುತ್ತಿರಲಿಲ್ಲ. ಅವರ ತಂದೆ ಹೈದರಾಬಾದಿನಲ್ಲಿ ಕಟ್ಟಡದ ಕೂಲಿಗೆ ಹೋಗುತ್ತಿದ್ದಾಗ ಕಾಂಪೌಂಡ್ ಗೋಡೆ ಹತ್ತಿ ಫುಟ್‌ಬಾಲ್ ನೋಡುತ್ತಿದ್ದರಂತೆ. "ನಮ್ಮ ದೇಶದವರು ಬರಿಗಾಲಾಗ ಒಲಿಂಪಿಕ್ ಆಡ್ಯಾರ, ಗೊತ್ತದೇನು? ಹೈದರಾಬಾದಿನ್ಯಾಗ ಆಗ ಕಿರಿಕೆಟ್ ಯಾರು ಕೇಳ್ತಿದ್ರು? ಮಂದಿ ಫುಟ್‌ಬಾಲಿಗೆ ಮುಗಿಬೀಳ್ತಿದ್ರು" ಎನ್ನುತ್ತಿದ್ದರು. ನಾವು ನಂಬಲಿಲ್ಲ. ಬರಿಗಾಲಲ್ಲಿ ನಮ್ಮನ್ನು ಆಡಿಸುವುದಕ್ಕೆ ಕಟ್ಟಿದ ಕತೆ ಎಂದುಕೊಂಡೆವು. ಅದು ನಿಜವೆಂದು ಎಷ್ಟೋ ವರ್ಷಗಳ ಮೇಲೆ ತಿಳಿದು ದಂಗಾದೆ.

ಹುಡುಗಿಯರ ತಂಡ ಕಟ್ಟಿ, ನನ್ನನ್ನು ಅವರು ಗೋಲು ಕಾಯುವ ಗೋಲಿಯಾಗಿ ನಿಲ್ಲಿಸಿದರು. ನಮ್ಮಪ್ಪ ಹಣೆತುಂಬ ವಿಭೂತಿ ಹಚ್ಚಿಕೊಂಡು ಸಾಲಿಗೇ ಬಂದುಬಿಟ್ಟ. "ಚೆಂಡು ಒದಿಯೂದು ಹೆಣ್ಮಕ್ಕಳ ಕೆಲಸೇನ್ರಿ ಅಕ್ಕೋರ?"

"ಮನ್ಯಾಗ ಎಮ್ಮಿ ಒದ್ರ ಸುಮ್ಮಿರ್ತೀರಿ, ಮಗಳು ಒದ್ರ ಯಾಕ ಸಿಟ್ಟಾಗ್ತೀರಿ? ಮತ್ತ ಈಕಿ ಒದಿಯಂಗಿಲ್ರಿ, ಹಿಡೀತಾಳ."

ಅಪ್ಪ ಬೈಯಲು ಬಂದವನು ನಕ್ಕು ಹೋದ. ಅಕ್ಕೋರು ನನ್ನ ಕಡೆ ತಿರುಗಿ ಎಂದಿನ ಮಾತು ಹೇಳಿದರು: "ಏನರೇ ಆಗ್ಲಿ, ಗೋಲಿ ಆದಾಕಿ ಜಾಗಾ ಬಿಡಬಾರದು." ದಿನಾ ಹೇಳುತ್ತಿದ್ದರು. ನನಗೆ ಅದು ವಚನದಂತೆ ಬಾಯಿಪಾಠವಾಗಿತ್ತು.

ಆಳಂದದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನ ಗೋಲು ಕಂಬಗಳನ್ನು ಮಾಡಿಸಿದ್ದರು. ಬಲೆ ಮಾತ್ರ ಅಫಜಲಪುರದ ಕಡೆ ಭೀಮಾ ನದಿಯಲ್ಲಿ ಮೀನು ಹಿಡಿಯುವವರಿಂದ ತಂದದ್ದು. ಕಂಬಗಳನ್ನು ನೆಲದಲ್ಲಿ ಹುಗಿಯುವಂತಿರಲಿಲ್ಲ. ನಮ್ಮ ಆಟ ಮುಗಿದ ಕೂಡಲೇ ಎತ್ತಿ ಬದಿಗಿಟ್ಟು, ಕ್ರಿಕೆಟ್ಟಿಗೆ ಬಯಲು ಬಿಟ್ಟುಕೊಡಬೇಕಿತ್ತು. ಹಾಗಾಗಿ ಅವು ಸುಮ್ಮನೆ ನೆಲದ ಮೇಲೆ ನಿಂತಿರುತ್ತಿದ್ದವು.

ಅಂದು ಸಂಜೆ ಮಳೆಗೆ ಮುಂಚಿನ ಗಾಳಿ ಎದ್ದಿತು. ಕೆಂಧೂಳು ಕಣ್ಣಿಗೆ ಬಡಿಯುತ್ತಿತ್ತು. ನನ್ನ ಬೆನ್ನ ಹಿಂದೆ ಬಲೆ ಗಾಳಿ ತುಂಬಿಕೊಂಡು ಉಬ್ಬಿ, ಕಂಬಗಳು ನನ್ನ ಕಡೆ ವಾಲುತ್ತಿದ್ದದ್ದು ನನಗೆ ಕಾಣಲಿಲ್ಲ. ಬಯಲಿನ ನಡುವಿನಿಂದ ಅಕ್ಕೋರು ನನ್ನ ಹೆಸರು ಹಿಡಿದು ಒದರಿದರು, "ಈ ಕಡೆ ಬಾ, ಓಡು" ಎಂದರು. ನಾನು ನಿಂತೇ ಇದ್ದೆ. ಅವರು ಓಡಿ ಬಂದು ಎರಡೂ ಕೈಯಿಂದ ನನ್ನನ್ನು ನೂಕಿದರು. ಮುಗ್ಗರಿಸಿ ಬಿದ್ದೆ. ಎದ್ದು ತಿರುಗಿದಾಗ ಅಡ್ಡ ಪೈಪು ಅವರ ಹೆಗಲ ಮೇಲಿತ್ತು, ಅವರು ಮಣ್ಣಿನಲ್ಲಿ ಮುಖ ಒತ್ತಿ ಬಿದ್ದಿದ್ದರು. ಆಚೆ ಬ್ಯಾಟು ಹಿಡಿದು ತಮ್ಮ ಪಾಳಿಗೆ ಕಾಯುತ್ತಿದ್ದ ಕ್ರಿಕೆಟ್ ಹುಡುಗರೇ ಓಡಿಬಂದು ಕಂಬ ಎತ್ತಿದರು. ಟಂಟಂ ಆಟೋದಲ್ಲಿ ಮಲಗಿಸಿ ಕಲಬುರಗಿಗೆ ಒಯ್ದವರೂ ಅವರೇ.

ಅಪ್ಪನೊಂದಿಗೆ ದವಾಖಾನೆಗೆ ಹೋದಾಗ ಅವರ ಹೆಗಲು, ತೋಳೆಲ್ಲ ಪಟ್ಟಿ. ನನ್ನನ್ನು ನೋಡಿದ್ದೇ ಸಿಟ್ಟಿನಿಂದ ಕೇಳಿದರು.

"ಒದರಿದ್ದು ಕೇಳಲಿಲ್ಲೇನಬೇ?"

"ಕೇಳಿತ್ರಿ."

"ಮತ್ತ್ಯಾಕ ಬರಲಿಲ್ಲ?"

"ನೀವಾ ಹೇಳಿದ್ರಲ್ರಿ, ಏನರೇ ಆಗ್ಲಿ ಜಾಗಾ ಬಿಡಬಾರದಂತ."

ಅವರ ಮುಖ ಬಿಳುಚಿಕೊಂಡಿತು. ಕಂಬ ಬಿದ್ದಾಗಲೂ ಅಷ್ಟು ಪೆಟ್ಟಾಗಿತ್ತೋ ಇಲ್ಲವೋ. ಗೋಡೆಯ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಆಮೇಲೆ ಪಟ್ಟಿಯಿಲ್ಲದ ಕೈಯಿಂದ ನನ್ನ ಕೈ ಹಿಡಿದು, "ಅದು ಆಟದ ಮಾತಬೇ, ಹುಚ್ಚಿ. ಜೀವದ ಮ್ಯಾಲ ಬಂದಾಗ ಯಾರ ಮಾತೂ ಕೇಳಬ್ಯಾಡ. ನನ್ನ ಮಾತೂ ಕೇಳಬ್ಯಾಡ" ಅಂದರು. ಅಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಅವರು ಸಾಲಿಗೆ ಮರಳುವಷ್ಟರಲ್ಲಿ ಕ್ರಿಕೆಟ್ ಹುಡುಗರು ಬಯಲಿನ ಎರಡೂ ತುದಿಯಲ್ಲಿ ಕುಣಿ ತೋಡಿ, ಸಿಮೆಂಟ್ ಹಾಕಿ ಕಂಬ ನಿಲ್ಲಿಸಿದ್ದರು. "ನಮ್ಮ ಸಲುವಾಗಿ ಎತ್ತಿಡ್ತಿದ್ರಿ. ಇನ್ನ ನಾವಾ ಸರದು ಆಡ್ತೇವ್ರಿ" ಎಂದ ಅವರ ಕ್ಯಾಪ್ಟನ್. ಅಕ್ಕೋರ ಬಲಗೈ ಮಾತ್ರ ಮತ್ತೆ ಹೆಗಲಿಗಿಂತ ಮೇಲೆ ಏಳಲಿಲ್ಲ. ಎಡಗೈಯಿಂದಲೇ ಚೆಂಡೆಸೆದು ನನ್ನನ್ನು ತಯಾರು ಮಾಡಿದರು. ಜಿಲ್ಲಾ ತಂಡಕ್ಕೆ ಆಡಿದೆ. ಇವತ್ತು ಆಳಂದ–ಅಫಜಲಪುರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಗದ್ದಲದ ಬಸ್ಸಿನಲ್ಲಿ ಗಟ್ಟಿ ದನಿ ತೆಗೆದು ಮಂದಿಯನ್ನು ಸರಿಸುವುದು ಗೋಲಿನ ಮುಂದೆ ಕಲಿತದ್ದು.

ಹೋದ ವರ್ಷ ಅತನೂರ ಸ್ಟಾಪಿನಲ್ಲಿ ನಮ್ಮ ತಂಡದಲ್ಲಿ ಆಡುತ್ತಿದ್ದ ಗೆಳತಿ ಬಸ್ ಹತ್ತಿದಳು. ಟಿಕೆಟ್ ಕೊಡುತ್ತಿದ್ದ ನನಗೆ, "ಅಕ್ಕೋರು ಹೋದ್ರಂತಲ್ಲ, ನಿನಗ ಗೊತ್ತಿಲ್ಲೇನು?" ಅಂದಳು. ರಿಟೈರ್ ಆಗಿ ಜೇವರ್ಗಿಗೆ ಹೋಗಿ ನೆಲೆಸಿದ್ದರು. ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದೆವು. ಮಣ್ಣು ಕೊಟ್ಟು ಆಗಲೇ ವಾರವಾಗಿತ್ತು. ಮುಂದಿನ ಸ್ಟಾಪಿನ ಹೆಸರು ಕೂಗುವುದನ್ನೇ ಮರೆತೆ. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ತಾನೇ ಬಸ್ ನಿಲ್ಲಿಸಿದ.

ರಜೆ ಹಾಕಿ ಜೇವರ್ಗಿಗೆ ಹೋದೆ. ಪಡಸಾಲೆಯಲ್ಲಿ ಬುದ್ಧನ ಮೂರ್ತಿಯ ಪಕ್ಕ ಅವರ ಫೋಟೋ ಇಟ್ಟಿದ್ದರು. ಅವರ ಮಗಳು ಚಹಾ ಕೊಟ್ಟಳು. "ಮುಂಜಾನಿ ಅಂಗಳದಾಗ ಕುಂತು ಮಾತಾಡಾಕತ್ತಿದ್ಳು. ಹಂಗೇ ವಾಲಿದ್ಳು" ಎಂದಳು. ಮಾತಾಡುತ್ತ ಮಾತಾಡುತ್ತ, ಅವರ ಬಲಗೈ ನನ್ನಿಂದಾಗಿ ಹೋಯಿತೆಂದು ನಾನು ಅತ್ತೆ. ಮಗಳು ಕಪ್ಪನ್ನು ಕೆಳಗಿಟ್ಟಳು.

"ಮೆಟ್ಟಿಲ ಮ್ಯಾಲಿಂದ ಬಿದ್ದಿದ್ದೆ ಅಂತ ಹೇಳಿದ್ಳಲ್ಲಕ್ಕಾ ಅವ್ವ?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಆಗ ಆಕೆ ತೀರ ಸಣ್ಣವಳು, ಜೇವರ್ಗಿಯಲ್ಲಿ ಅಜ್ಜಿಯ ಹತ್ತಿರ ಇದ್ದಳಂತೆ. ದೊಡ್ಡವಳಾದ ಮೇಲೂ ಅಕ್ಕೋರು ನಿಜ ಹೇಳಿರಲಿಲ್ಲ. ಯಾಕೆಂದು ನನಗೆ ತಿಳಿಯಲಿಲ್ಲ. ಅವಳು ಫೋಟೋದ ಕಡೆ ತಿರುಗಿದಳು.

"ನಾನೂ ಗೋಲಿ ಇದ್ದೆ ಅಕ್ಕಾ" ಎಂದಳು ಕೊನೆಗೆ. "ನಿಲ್ಲಿಸಿದಾಕಿ ಅವ್ವನೇ. ನಾ ಅಂಜಬಾರದಂತ ನಿಜ ಹೇಳಿರಲಿಕ್ಕಿಲ್ಲ."