ಕಾಲು ಗಂಟೆಯ ನೀರು

ಆರನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಪುರಸಭೆಯಲ್ಲಿ ಮೊದಲು ದಿನಗೂಲಿ, ಆಮೇಲೆ ಖಾಯಂ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪೇಟೆಗೆ ನೀರು ಬಿಟ್ಟಿದ್ದೇನೆ. ಮಳೆಗಾಲದಲ್ಲಿ ನೇತ್ರಾವತಿ ಬಂಟ್ವಾಳದ ಅಂಗಡಿಗಳ ಒಳಗೇ ಬರುತ್ತಾಳೆ. ಅದೇ ಪೇಟೆಯಲ್ಲಿ ಮೇ ತಿಂಗಳಲ್ಲಿ ಕೊಡಪಾನಗಳು ಸಾಲಾಗಿ ಕೂತಿರುತ್ತವೆ. ಆಗ ದಿನ ಬಿಟ್ಟು ದಿನ ನೀರು. ಮೊದಲು ಗುಡ್ಡೆಯ ಮನೆಗಳಿಗೆ, ಆಮೇಲೆ ನಮ್ಮ ಓಣಿಗೆ, ಕೊನೆಗೆ ಕೆಳಗಿನ ಓಣಿಗೆ. ಒಂದೊಂದಕ್ಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಟ್ಯಾಂಕಿ ಖಾಲಿ. ದೊಡ್ಡವರು ಫೋನ್ ಮಾಡಿದರೂ ಒಂದು ನಿಮಿಷ ಹೆಚ್ಚು ಬಿಟ್ಟವನಲ್ಲ. ಆ ಹೆಮ್ಮೆ ನನಗಿತ್ತು, ಈಗಲೂ ಉಂಟು. ಆದರೆ ಒಂದು ಸಲ ಬಿಟ್ಟಿದ್ದೇನೆ.

ಮಗಳ ಮದುವೆಯ ಮದರಂಗಿಯ ದಿನ. ತೋಡಾರಿನಿಂದ ಅಕ್ಕನ ಮನೆಯವರು, ಮಡಂತ್ಯಾರಿನಿಂದ ಹೆಂಡತಿಯ ಕಡೆಯವರು ಹಿಂದಿನ ದಿನವೇ ಬಂದಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೊರಟವನನ್ನು ಅಕ್ಕ ಬಾಗಿಲಲ್ಲೇ ಹಿಡಿದಳು.

"ಅಲ್ಲ ಮಾರಾಯ, ಊರಿನ ನೀರಿನ ಚಾವಿ ನಿನ್ನ ಕೈಯಲ್ಲಿ, ಕೊಡಪಾನ ನಮ್ಮದು ಖಾಲಿ. ಎಂತ ಅವಸ್ಥೆ ಇದು?"

ನೆಂಟರೆಲ್ಲ ನಕ್ಕರು. ಹೆಂಡತಿ ನಗಲಿಲ್ಲ. "ಅವರತ್ರ ಹೇಳಿ ಪ್ರಯೋಜನ ಇಲ್ಲ ಅತ್ತಿಗೆ. ನಾನು ಹೇಳಿ ಹೇಳಿ ಸಾಕಾಗಿದೆ" ಎಂದಳು.

ನಮ್ಮ ಓಣಿಯ ವಾಲ್ವ್ ಮುಚ್ಚುವ ಹೊತ್ತಾದಾಗ ಕಬ್ಬಿಣದ ಚಾವಿ ಹಿಡಿದು ಮುಚ್ಚದೆ ನಿಂತೆ. ಕಾಲು ಗಂಟೆ ಹಾಗೆಯೇ ನಿಂತೆ. ಆಮೇಲೆ ಕೆಳಗಿನ ಓಣಿಗೆ ತಿರುಗಿಸಿದೆ.

ಅಲ್ಲಿ ನಳ್ಳಿಯ ಹತ್ತಿರದ ಮನೆ ಒಬ್ಬ ಮುದುಕಿಯದ್ದು. ಇಡೀ ಓಣಿಗೆ ಅವರು ಉಮ್ಮ, ಅಂದರೆ ಅಮ್ಮ. ಪತ್ತಿರ್ ಎಂಬ ಅಕ್ಕಿಯ ತೆಳು ರೊಟ್ಟಿ ತಟ್ಟಿ ಹೋಟೆಲಿಗೆ ಕೊಟ್ಟು ಬದುಕುತ್ತಿದ್ದರು. ನೀರು ನಿಂತ ಮೇಲೆ ಆ ದಾರಿಯಾಗಿ ಬಂದೆ.

"ಇವತ್ತು ಬೇಗ ನಿಂತಿತಲ್ಲ ಮಗಾ? ಡ್ರಮ್ಮು ಅರ್ಧ ಆಗ್ಲಿಲ್ಲ."

"ಪಂಪಿಗೆ ಕರೆಂಟ್ ಇರ್ಲಿಲ್ಲ ಉಮ್ಮ" ಎಂದೆ.

"ಹೌದಾ? ನಾನೂ ಹಾಗೇ ಹೇಳಿದೆ ಈ ಓಣಿಯವರತ್ರ. ನಿನ್ನ ಕೈಯಿಂದ ಹೀಗೆ ಆಗುದಿಲ್ಲಾಂತ."

ಸಂಜೆ ಮದರಂಗಿಗೆ ಉಮ್ಮ ಬಂದರು. ಬಟ್ಟೆ ಮುಚ್ಚಿದ ಬುಟ್ಟಿಯನ್ನು ಮಗಳ ಮುಂದೆ ಇಟ್ಟು, "ನಿನ್ನ ಮದುವೆಗೆ ನೂರು ಪತ್ತಿರ್ ಅಂತ ಹೇಳಿದ್ದೆ ಮಗಳೇ. ನೀರು ಸಾಲಲಿಲ್ಲ. ಅರ್ಧವೇ ಆಯ್ತು. ಬೇಜಾರು ಮಾಡ್ಬೇಡ" ಎಂದರು. ಹೋಟೆಲಿಗೆ ಅಂದು ಏನೂ ಕೊಟ್ಟಿರಲಿಲ್ಲ. ಇದ್ದ ನೀರನ್ನೆಲ್ಲ ನಮ್ಮ ಬುಟ್ಟಿಗೇ ಹಾಕಿದ್ದರು. ಎಲ್ಲರೂ ಕೋಳಿ ಸಾರಿನಲ್ಲಿ ಅದ್ದಿ ತಿಂದರು. ನಾನು ಅನ್ನ ಹಾಕಿಸಿಕೊಂಡೆ.

ಮರುದಿನ ಹಾಲ್‌ನಲ್ಲಿ ಮದುವೆ. ಅದರ ಮರುದಿನ ಮತ್ತೆ ನೀರಿನ ಸರದಿ. ಮನೆಯಲ್ಲಿ ನೆಂಟರು ಇನ್ನೂ ಇದ್ದರು, ಅಂಗಳದಲ್ಲಿ ಮದರಂಗಿ ಊಟದ ತೊಳೆಯದ ಪಾತ್ರೆಗಳ ರಾಶಿ, ಚರಿಗೆ, ಕೌಳಿಗೆ, ಸೌಟು. ನಮ್ಮ ಓಣಿಯ ವಾಲ್ವನ್ನು ಅರ್ಧ ಗಂಟೆಗೇ ಮುಚ್ಚಿದೆ. ಮೊನ್ನೆ ಹೆಚ್ಚು ಸಿಕ್ಕಿದ್ದು ಈ ಓಣಿಗೇ, ಹಾಗಾಗಿ ಅನ್ಯಾಯವಲ್ಲ ಎಂದುಕೊಂಡೆ. ಕೆಳಗಿನ ಓಣಿಗೆ ಒಂದು ಗಂಟೆ ಉಳಿಯಿತು, ನೀರು ನಿಲ್ಲುವ ಮೊದಲೇ ಅತ್ತ ಹೋದೆ.

ಉಮ್ಮನ ಡ್ರಮ್ಮು ತುಂಬಿ ಚೆಲ್ಲುತ್ತಿತ್ತು. ಅವರ ಮುಖದಲ್ಲಿ ಸಂತೋಷ ಇರಲಿಲ್ಲ.

"ಇವತ್ತು ಹೆಚ್ಚು ಬಂತು. ಯಾರದ್ದು ಕಡಿಮೆ ಮಾಡಿದ್ದಿ?"

"ನಮ್ಮ ಓಣಿಯದ್ದು. ಮೊನ್ನೆ ಕರೆಂಟ್ ಇತ್ತು ಉಮ್ಮ. ನಾನೇ ನಿಮ್ಮದು ತೆಗೆದದ್ದು."

ಅವರು ನಳ್ಳಿಯ ಕಿವಿ ತಿರುಗಿಸಿ ಮುಚ್ಚಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಪಾತ್ರೆ ತೊಳೆದಾಯ್ತಾ ನಿನ್ನ ಮನೆಯಲ್ಲಿ?"

"ಇಲ್ಲ."

"ಮತ್ತೆ ಎಂತ ನೋಡ್ತಾ ನಿಂತಿದ್ದಿ? ಇಲ್ಲಿಗೆ ತಾ. ನೀನೇ ಹೊತ್ಕೊಂಡು ಬರ್ಬೇಕು, ಹೆಂಡತಿಯ ಕೈಲಿ ಕಳಿಸ್ಬೇಡ."

ಮೂರು ಸಲ ಹೊತ್ತೆ. ಇಡೀ ಓಣಿ ನೋಡುತ್ತಿತ್ತು.